ಅಡಿಕೆ ಸಾರದಲ್ಲಿ ನಾಲ್ಕು ಗೆರೆ: ಇದು ಹೈಡ್ರಾಕ್ಸಿಲ್ ರಾಡಿಕಲ್ಲೇ ಹೌದಾ?

ಬದಿಯಡ್ಕ_ರಸಾಯನ

ನಮಸ್ಕಾರ. ನಾನು ಬದಿಯಡ್ಕ ಕಡೆಯವಳು, ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಡಿಕೆ ಸಾರಕ್ಕೆ ಸುಣ್ಣ ಸೇರಿದಾಗ ಯಾವ ಆಕ್ಸಿಜನ್ ರಾಡಿಕಲ್‌ಗಳು (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುಗಳು) ಹುಟ್ಟುತ್ತವೆ ಅನ್ನುವುದು ನನ್ನ ಕೆಲಸದ ಒಂದು ಭಾಗ. ಅಡಿಕೆಯ ಕ್ಯಾಟೆಚಿನ್‌ನಂಥ ಪಾಲಿಫಿನಾಲ್‌ಗಳು ಕ್ಷಾರದಲ್ಲಿ ಗಾಳಿಯ ಆಕ್ಸಿಜನ್ ಜೊತೆ ತಾವಾಗಿಯೇ ಸೇರಿ ಸೂಪರ್‌ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೊಡುತ್ತವೆ ಅನ್ನುವುದು ಹಳೆಯ ವಿಚಾರ. ಅಲ್ಲಿಂದ ಮುಂದೆ ಹೈಡ್ರಾಕ್ಸಿಲ್ ರಾಡಿಕಲ್ ಬರುತ್ತದಾ ಅಂತ ಇಎಸ್‌ಆರ್‌ನಲ್ಲಿ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನನ್ನು ಕಾಂತಕ್ಷೇತ್ರದಲ್ಲಿ ಗೆರೆಗಳಾಗಿ ತೋರಿಸುವ ಯಂತ್ರದಲ್ಲಿ, ನೋಡುತ್ತಿದ್ದೇನೆ.

ಮಾಡಿದ್ದು ಇಷ್ಟು. ಚಾಲಿ ಅಡಿಕೆ ಪುಡಿ ಮಾಡಿ ನೀರಲ್ಲಿ ನೆನೆಸಿ ಸೋಸಿದೆ. ಸುಣ್ಣದ ತಿಳಿ ಹಾಕಿದೆ. ರಾಡಿಕಲ್ ಹಿಡಿಯುವ ಟ್ರ್ಯಾಪ್ ಆದ ಡಿಎಂಪಿಒ ಸೇರಿಸಿ ಕ್ಯಾಪಿಲರಿಯಲ್ಲಿ (ಸಣ್ಣ ಕೊಳವೆ) ತೆಗೆದು ಯಂತ್ರಕ್ಕೆ ಇಟ್ಟೆ. 1:2:2:1 ಎತ್ತರದಲ್ಲಿ ನಾಲ್ಕು ಗೆರೆ ಬಂತು. ಒಂದಕ್ಕೊಂದಕ್ಕೆ ಅಂತರ 15 ಗಾಸ್ (ಕಾಂತಕ್ಷೇತ್ರದ ಅಳತೆ) ಹತ್ತಿರ. ಪುಸ್ತಕ ತೆಗೆದು ನೋಡಿದರೆ ಇದು ಡಿಎಂಪಿಒಗೆ ಹೈಡ್ರಾಕ್ಸಿಲ್ ಅಂಟಿದ ರೂಪ.

ಆದರೆ ಒಂದು ವಿಷಯ ನನಗೆ ಒಪ್ಪಿಗೆ ಆಗುತ್ತಿಲ್ಲ. ಹೋಲಿಕೆಗೆ ಅಂತ ಅಡಿಕೆಯ ಸಿಪ್ಪೆಯನ್ನೂ ಹಾಗೇ ನೆನೆಸಿ ನೋಡಿದೆ. ಅದಕ್ಕೆ ಸುಣ್ಣ ಹಾಕಲೇ ಇಲ್ಲ. ಆದರೂ ಅದೇ ನಾಲ್ಕು ಗೆರೆ, ಅಡಿಕೆಗಿಂತ ಜೋರಾಗಿ. ಸುಣ್ಣ ಇಲ್ಲದೆ ಸಿಪ್ಪೆಯಲ್ಲಿ ಇಷ್ಟು ಹೈಡ್ರಾಕ್ಸಿಲ್ ಹೇಗೆ? ಪ್ರಬಂಧದಲ್ಲಿ ಬರೆಯುವ ಮೊದಲು ತಿಳಿದುಕೊಳ್ಳಬೇಕು.

ಕುಂಬಳೆ_ಸ್ಪಿನ್

ಒಳ್ಳೆ ಪ್ರಶ್ನೆ. ಸಿಪ್ಪೆಯನ್ನು ನೋಡಿದ್ದು ಇನ್ನೂ ಒಳ್ಳೆಯದಾಯಿತು. ಎಷ್ಟೋ ಜನ ನಾಲ್ಕು ಗೆರೆ ಕಂಡ ಕೂಡಲೇ ಮುಂದಿನ ಪುಟಕ್ಕೆ ಹೋಗುತ್ತಾರೆ.

ಮೊದಲು ಒಂದು ಮಾತು. ಹೈಡ್ರಾಕ್ಸಿಲ್ ರಾಡಿಕಲ್‌ಅನ್ನು ನೀರಿನ ದ್ರಾವಣದಲ್ಲಿ ನೇರವಾಗಿ ಇಎಸ್‌ಆರ್‌ನಲ್ಲಿ ಯಾರೂ ಕಾಣುವುದಿಲ್ಲ. ಜೀವಕೋಶದಂಥ ಜಾಗದಲ್ಲಿ ಅದರ ಆಯುಸ್ಸು ನ್ಯಾನೋಸೆಕೆಂಡ್ ಲೆಕ್ಕದ್ದು. ಡಿಎಂಪಿಒ ಅದನ್ನು ಹಿಡಿದು ಕೆಲವು ನಿಮಿಷ ಉಳಿಯುವ ನೈಟ್ರಾಕ್ಸೈಡ್ ಅನ್ನುವ ಇನ್ನೊಂದು ರಾಡಿಕಲ್ ಆಗುತ್ತದೆ. ನಾವು ನೋಡುವುದು ಆ ನೈಟ್ರಾಕ್ಸೈಡನ್ನು. ತೋಟದಲ್ಲಿ ಬೆಳಗ್ಗೆ ಗೊರಸಿನ ಗುರುತು ನೋಡಿ ರಾತ್ರಿ ಯಾವ ಪ್ರಾಣಿ ಬಂದಿತ್ತು ಅಂತ ಹೇಳುವ ಹಾಗೆ. ಗುರುತು ನಿಜ. ಅದನ್ನು ಯಾರು ಬಿಟ್ಟರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ನಿಮ್ಮ ನಾಲ್ಕು ಗೆರೆಗೆ ನನಗೆ ತಿಳಿದ ಹಾಗೆ ಇಷ್ಟು ದಾರಿ ಇದೆ. ನಿಜವಾದ ಹೈಡ್ರಾಕ್ಸಿಲ್ ಸಿಕ್ಕಿಬಿದ್ದಿರಬಹುದು. ಸೂಪರ್‌ಆಕ್ಸೈಡ್ ಸಿಕ್ಕಿಬಿದ್ದು, ಆಮೇಲೆ ಒಡೆದು ಹೈಡ್ರಾಕ್ಸಿಲ್ ರೂಪಕ್ಕೆ ಇಳಿದಿರಬಹುದು. ದೀಪದ ಅತಿನೇರಳೆ ಬೆಳಕು ಡಿಎಂಪಿಒ ಮೇಲೆ ಬಿದ್ದು ಎಲೆಕ್ಟ್ರಾನ್ ಕಿತ್ತಿರಬಹುದು, ಆಮೇಲೆ ನೀರು ಬಂದು ಸೇರಿರಬಹುದು. ಅಥವಾ ರಾಡಿಕಲ್ಲೇ ಇಲ್ಲದೆ ನೀರು ಸೀದಾ ಡಿಎಂಪಿಒಗೆ ಅಂಟಿ, ಲೋಹದ ಅಯಾನು ಅದನ್ನು ಆಕ್ಸಿಡೈಸ್ ಮಾಡಿರಬಹುದು. ಎಲ್ಲದರ ಕೊನೆಯ ಅಣು ಒಂದೇ. ಹಾಗಾಗಿ ಗೆರೆಗಳ ಸೀಳು ನೈಟ್ರೋಜನ್‌ಗೆ 14.9, ಹೈಡ್ರೋಜನ್‌ಗೆ 14.9 ಗಾಸ್ ಅಂತ ಎಷ್ಟು ಚಂದ ಹೊಂದಿಸಿದರೂ ಇವುಗಳಲ್ಲಿ ಯಾವುದು ಅಂತ ಗೊತ್ತಾಗುವುದಿಲ್ಲ.

ಕೊನೆಯದನ್ನು ಫಾರೆಸ್ಟರ್ ಮತ್ತು ಹೆಪ್‌ಬರ್ನ್ 1971ರಲ್ಲೇ ಎಚ್ಚರಿಸಿದ್ದರು. ಸ್ಪಿನ್ ಟ್ರ್ಯಾಪಿಂಗ್ (ಹೀಗೆ ಟ್ರ್ಯಾಪ್ ಹಾಕಿ ರಾಡಿಕಲ್ ಹಿಡಿಯುವ ವಿಧಾನ) ಶುರುವಾಗಿ ಕೆಲವೇ ವರ್ಷ ಆಗಿತ್ತು ಆಗ. ಇಂದಿಗೂ ಜಾಸ್ತಿ ಜನ ಎಡವುವುದು ಅಲ್ಲೇ. ನಿಮ್ಮ ಸಿಪ್ಪೆಯಲ್ಲಿ ಕಬ್ಬಿಣ ಅಥವಾ ತಾಮ್ರ ಬಂದಿರಬಹುದಾ? ನಮ್ಮದು ಮುರಕಲ್ಲಿನ ಊರು, ಮಣ್ಣಿನ ತುಂಬ ಕಬ್ಬಿಣ.

ಎಣ್ಮಕಜೆ_ತೋಟ

ನಾನು ವಿಜ್ಞಾನಿ ಅಲ್ಲ, ಕೃಷಿಕ. ಬಿಎಸ್‌ಸಿ ಓದಿದ್ದರಿಂದ ಅರ್ಧ ಅರ್ಥ ಆಯಿತು. ತಾಮ್ರ ಅಂದ ಕೂಡಲೇ ಕೇಳಬೇಕು ಅನಿಸಿತು. ಮದ್ದು ಬಿಟ್ಟ (ಸಿಂಪಡಿಸಿದ) ಅಡಿಕೆಯಾ ಅದು?

ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಒಂದು ಸಲ, ನಡುವೆ ಬಿಸಿಲು ಸಿಕ್ಕಾಗ ಇನ್ನೊಂದು ಸಲ ಬೋರ್ಡೋ ಬಿಡುತ್ತೇವೆ, ಕೊಳೆರೋಗಕ್ಕೆ. ಒಂದು ಶೇಕಡಾ ಅಂದರೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಗೊನೆಗೆ ಸರಿಯಾಗಿ ಹಿಡಿಯುವ ಹಾಗೆ ಬಿಡುತ್ತಾರೆ. ಮಳೆ ಹೊಡೆದರೂ ಅದು ಪೂರ್ತಿ ಹೋಗುವುದಿಲ್ಲ, ಹೋದರೆ ಮದ್ದು ಬಿಟ್ಟು ಏನು ಪ್ರಯೋಜನ. ತೊಟ್ಟಿನ ಹತ್ತಿರ, ಕಾಯಿಯ ಟೊಪ್ಪಿಯ ಅಡಿಯಲ್ಲಿ ನೀಲಿ ಬಿಳಿ ಕಲೆ ಒಣಗಿದ ಮೇಲೂ ಕಾಣುತ್ತದೆ.

ಬದಿಯಡ್ಕ_ರಸಾಯನ

ಹೌದು, ನಮ್ಮ ಮನೆ ತೋಟದ್ದೇ. ಮದ್ದು ಬಿಟ್ಟದ್ದೇ. ಸಿಪ್ಪೆ ತೊಳೆದಿದ್ದೆ, ಆದರೆ ಟೊಪ್ಪಿ ತೆಗೆದಿರಲಿಲ್ಲ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ತುಂಬಾ ಧನ್ಯವಾದ ಅಣ್ಣ.

ಕುಂಬಳೆ_ಸ್ಪಿನ್

ಎಣ್ಮಕಜೆಯವರು ಹೇಳಿದ್ದು ಬಹಳ ದೊಡ್ಡ ವಿಷಯ. ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಡಿಎಂಪಿಒದಲ್ಲಿ ಇಂಗಾಲ ಮತ್ತು ನೈಟ್ರೋಜನ್ ನಡುವೆ ಒಂದು ಜೋಡಿ ಬಂಧ ಇದೆ. ತಾಮ್ರದ ಅಯಾನು ಹತ್ತಿರ ಬಂದರೆ ಆ ಇಂಗಾಲಕ್ಕೆ ನೀರು ಬಂದು ಅಂಟುವುದು ಸುಲಭ ಆಗುತ್ತದೆ. ಅಂಟಿದ ಮೇಲೆ ಅದು ಹೈಡ್ರಾಕ್ಸಿಲಮೀನ್. ಇಎಸ್‌ಆರ್‌ಗೆ ಕಾಣುವುದಿಲ್ಲ. ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ನೈಟ್ರಾಕ್ಸೈಡ್ ಆಗಿ ನಾಲ್ಕು ಗೆರೆ ಕೊಡುತ್ತದೆ. ಆ ಎಲೆಕ್ಟ್ರಾನ್ ಕೀಳುವ ಕೆಲಸವನ್ನೂ ತಾಮ್ರ ಮಾಡಬಲ್ಲದು, ಗಾಳಿಯ ಆಕ್ಸಿಜನ್ನೂ ಮಾಡಬಲ್ಲದು. ಫೆರಿಕ್ ಕಬ್ಬಿಣವೂ ಹೀಗೇ ಮಾಡುತ್ತದೆ.

ಆದರೆ ಹಾಗಾದರೆ ಎಲ್ಲ ಸುಳ್ಳು ಸಿಗ್ನಲ್ ಅಂತ ತಳ್ಳಿಹಾಕುವುದೂ ತಪ್ಪು. ಸಿಪ್ಪೆಯ ಪಾಲಿಫಿನಾಲ್ ತಾಮ್ರಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು ಕ್ಯುಪ್ರಸ್ ರೂಪಕ್ಕೆ ಇಳಿಸಬಲ್ಲದು. ಅದು ಪೆರಾಕ್ಸೈಡ್ ಜೊತೆ ಸೇರಿ ನಿಜವಾದ ಹೈಡ್ರಾಕ್ಸಿಲ್ ಕೊಡಬಲ್ಲದು. ಒಂದೇ ಲೋಹ ಎರಡೂ ಕೆಲಸ ಮಾಡುತ್ತದೆ, ಎರಡೂ ಒಂದೇ ಕೊಳವೆಯಲ್ಲಿ ನಡೆಯಬಹುದು. ಹಾಗಾಗಿ ಬೇರೆ ಮಾಡಿ ತೋರಿಸುವ ಪ್ರಯೋಗ ಬೇಕು.

ಅದಕ್ಕೆ ಎಥನಾಲ್ ಪ್ರಯೋಗ. ಇದನ್ನು ಎಲ್ಲರೂ ಮಾಡುತ್ತಾರೆ, ಓದುವುದು ಮಾತ್ರ ಅರ್ಧ. ಎಥನಾಲ್ ಹಾಕಿದಾಗ ನಾಲ್ಕು ಗೆರೆ ಕಮ್ಮಿ ಆಯಿತು, ಹಾಗಾದರೆ ಹೈಡ್ರಾಕ್ಸಿಲ್ ಅಂತ ಬರೆಯುತ್ತಾರೆ. ಅಷ್ಟು ಸಾಲದು. ನಿಜವಾದ ಹೈಡ್ರಾಕ್ಸಿಲ್ ಎಥನಾಲ್‌ನಿಂದ ಹೈಡ್ರೋಜನ್ ಕಿತ್ತು ಇಂಗಾಲದ ರಾಡಿಕಲ್ ಮಾಡುತ್ತದೆ. ಅದು ಡಿಎಂಪಿಒಗೆ ಅಂಟಿದರೆ ಆರು ಗೆರೆ ಬರುತ್ತದೆ. ನೈಟ್ರೋಜನ್‌ಗೆ 15.8, ಹೈಡ್ರೋಜನ್‌ಗೆ 22.8 ಗಾಸ್ ಆಸುಪಾಸು. ನಾಲ್ಕು ಹೋಗಿ ಆರು ಹುಟ್ಟಬೇಕು. ಹುಟ್ಟದಿದ್ದರೆ ನಿಮ್ಮ ಹೈಡ್ರಾಕ್ಸಿಲ್‌ಗೆ ಸಾಕ್ಷಿ ಇಲ್ಲ. ಎಥನಾಲ್ ಬೇಡ ಅಂದರೆ ಡಿಎಂಎಸ್‌ಒ ಅನ್ನುವ ದ್ರಾವಕ ಹಾಕಿ. ಮೀಥೈಲ್ ರಾಡಿಕಲ್ ಹುಟ್ಟಿ 16.4 ಮತ್ತು 23.4 ಗಾಸ್‌ನ ಆರು ಗೆರೆ ಕೊಡುತ್ತದೆ.

ಇಲ್ಲೂ ಒಂದು ಹೊಂಡ ಇದೆ. ನೀರು ಅಂಟುವ ಹಾಗೆ ಆಲ್ಕೋಹಾಲ್ ಕೂಡ ತನ್ನ ಆಕ್ಸಿಜನ್ ಕಡೆಯಿಂದ ಡಿಎಂಪಿಒಗೆ ಅಂಟಬಲ್ಲದು. ಆಗ ಬರುವ ಗೆರೆಗಳು ಹೈಡ್ರಾಕ್ಸಿಲ್ ರೂಪಕ್ಕೆ ಹತ್ತಿರ ಇರುತ್ತವೆ, 22.8ರ ದೊಡ್ಡ ಸೀಳು ಇರುವುದಿಲ್ಲ. ಎಥನಾಲ್ ಹಾಕಿದ ಮೇಲೆ ಗೆರೆಗಳ ಆಕಾರ ಸ್ವಲ್ಪ ಬದಲಾಯಿತು, ಆದರೆ ಆರು ಬರಲಿಲ್ಲ ಅಂದರೆ ಇದನ್ನು ನೆನಪಿಡಿ. ನೀರು ಅಂಟುವ ದಾರಿ ನಡೆಯುತ್ತಿದೆ ಅನ್ನುವುದಕ್ಕೆ ಅದು ಒಳ್ಳೆ ಸುಳಿವು.

ಎಥನಾಲ್ ಇಲ್ಲದ ಇನ್ನೊಂದು ದಾರಿ ಡಿಟಿಪಿಎ. ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಥದ್ದೇ ಆದ ಇಡಿಟಿಎ ಹಾಕಬೇಡಿ, ಅದು ಹಿಡಿದ ಕಬ್ಬಿಣ ಪೆರಾಕ್ಸೈಡ್ ಜೊತೆ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಕಬ್ಬಿಣ ಇರುವ ಕಡೆ ಇಡಿಟಿಎ ಹಾಕಿ ಹೈಡ್ರಾಕ್ಸಿಲ್ ಜಾಸ್ತಿ ಮಾಡಿಕೊಂಡವರಿದ್ದಾರೆ.

ಮಂಜೇಶ್ವರ_ಬಯೋ

ಸೂಪರ್‌ಆಕ್ಸೈಡ್ ವಿಷಯ ನಾನು ಸೇರಿಸುತ್ತೇನೆ. ಡಿಎಂಪಿಒ ಸೂಪರ್‌ಆಕ್ಸೈಡ್ ಹಿಡಿಯುವುದು ತುಂಬಾ ನಿಧಾನ. ವೇಗದ ಸ್ಥಿರಾಂಕ ಹತ್ತರ ಲೆಕ್ಕದಲ್ಲಿ ಇದೆ. ಸೂಪರ್‌ಆಕ್ಸೈಡ್ ಒಡೆಯುವ ಎಸ್‌ಒಡಿ ಕಿಣ್ವಕ್ಕೆ ಅದೇ ಸುಮಾರು 200 ಕೋಟಿ. ಹಾಗಾಗಿ ಡಿಎಂಪಿಒ ಕಮ್ಮಿ ಹಾಕಿದರೆ ಸೂಪರ್‌ಆಕ್ಸೈಡ್ ಇದ್ದರೂ ಕಾಣುವುದಿಲ್ಲ. ಕಂಡಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ.

ಸಿಕ್ಕಿದ್ದೂ ಉಳಿಯುವುದಿಲ್ಲ. ಪಿಎಚ್ 7ರ ಹತ್ತಿರ ಡಿಎಂಪಿಒದ ಸೂಪರ್‌ಆಕ್ಸೈಡ್ ರೂಪ ಸುಮಾರು 1 ನಿಮಿಷದಲ್ಲಿ ಅರ್ಧ ಆಗುತ್ತದೆ. ಸ್ಯಾಂಪಲ್ ಕಲಸಿ, ಕ್ಯಾಪಿಲರಿ ತುಂಬಿ, ಮೇಣ ಹಾಕಿ, ಕೋಣೆ ದಾಟಿ ಯಂತ್ರಕ್ಕೆ ಇಡುವಷ್ಟರಲ್ಲಿ ಅದು ಹೈಡ್ರಾಕ್ಸಿಲ್ ರೂಪ ಆಗಿರುತ್ತದೆ. ಬಿಎಂಪಿಒ ಅಥವಾ ಡಿಇಪಿಎಂಪಿಒ ಅನ್ನುವ ಟ್ರ್ಯಾಪ್ ಸಿಕ್ಕಿದರೆ ಅದರಲ್ಲಿ ಸೂಪರ್‌ಆಕ್ಸೈಡ್ ರೂಪ ಹತ್ತು ನಿಮಿಷಕ್ಕಿಂತ ಜಾಸ್ತಿ ಉಳಿಯುತ್ತದೆ. ಬೆಲೆ ಜಾಸ್ತಿ, ಆದರೆ ನಿಮ್ಮ ಪ್ರಶ್ನೆಗೆ ಅದು ಬೇಕು.

ಎಸ್‌ಒಡಿ ಹಾಕಿದಾಗ ನಾಲ್ಕು ಗೆರೆ ಹೋದರೆ ಮೂಲದಲ್ಲಿ ಸೂಪರ್‌ಆಕ್ಸೈಡ್ ಇತ್ತು. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದಾಗ ಹೋದರೆ ಪೆರಾಕ್ಸೈಡ್ ಮೂಲಕ ಬಂದಿತ್ತು. ಎರಡಕ್ಕೂ ಬಗ್ಗದಿದ್ದರೆ ಸಂಶಯ ಪಡಬೇಕು. ಆದರೆ ಎಚ್ಚರ, ಸುಣ್ಣದ ತಿಳಿ ಪೂರ್ತಿ ಕರಗಿದ್ದರೆ ಪಿಎಚ್ 12ರ ಮೇಲೆ. ಅಲ್ಲಿ ಈ ಕಿಣ್ವಗಳನ್ನು ನಂಬಲಿಕ್ಕಾಗದು. ಕಿಣ್ವ ಸತ್ತು ಹೋಗಿ ಗೆರೆ ಹಾಗೇ ಉಳಿದರೆ ತಪ್ಪು ಅರ್ಥ ಆಗುತ್ತದೆ. ಅಷ್ಟು ಕ್ಷಾರದಲ್ಲಿ ಡಿಎಂಪಿಒಗೆ ನೀರಿನ ಬದಲು ಹೈಡ್ರಾಕ್ಸೈಡ್ ಅಯಾನೇ ಬಂದು ಅಂಟಬಹುದು, ಅದು ಇನ್ನೂ ಸುಲಭ. ಬಾಯಲ್ಲಿ ಜಗಿಯುವಾಗ ಹೇಗೂ ಪಿಎಚ್ 12 ಇರುವುದಿಲ್ಲ. ಬಫರ್ ಹಾಕಿ 9ರ ಹತ್ತಿರ ಯಾಕೆ ಮಾಡಬಾರದು?

ಇನ್ನೊಂದು. ಕುದಿಸಿ ಸಾಯಿಸಿದ ಎಸ್‌ಒಡಿಯನ್ನೂ ಅಷ್ಟೇ ಪ್ರಮಾಣದಲ್ಲಿ ಹಾಕಿ ಒಂದು ಸ್ಯಾಂಪಲ್ ಮಾಡಿ. ಪ್ರೋಟೀನ್ ಸುಮ್ನೆ ತಾಮ್ರ ಹಿಡಿದುಕೊಂಡೂ ಗೆರೆ ಕಮ್ಮಿ ಮಾಡಬಹುದು.

ಪೆರ್ಲ_ಮೇಷ್ಟ್ರು

ಚರ್ಚೆ ತುಂಬಾ ಚೆನ್ನಾಗಿ ಹೋಗುತ್ತಿದೆ. ಔಷಧಿ ಗಿಡಗಳ ಮೇಲೆ ಪ್ರಾಜೆಕ್ಟ್ ಮಾಡುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಫೆಂಟನ್ ದ್ರಾವಣ (ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿ ಹೈಡ್ರಾಕ್ಸಿಲ್ ಕೊಡುವಂಥದ್ದು) ಮಾಡಿ, ಡಿಎಂಪಿಒ ಹಾಕಿ, ವೀಳ್ಯದೆಲೆ ಸಾರವೋ ಒಂದೆಲಗ ಸಾರವೋ ಸೇರಿಸುತ್ತಾರೆ. ಗೆರೆ ಸಣ್ಣದಾದರೆ ಸಾರ ಹೈಡ್ರಾಕ್ಸಿಲ್ ನುಂಗಿತು ಅಂತ ಬರೆಯುತ್ತಾರೆ. ಇದಕ್ಕೂ ಇದೇ ಪ್ರಶ್ನೆ ಬರುತ್ತದೆ ಅಲ್ವಾ?

ಕುಂಬಳೆ_ಸ್ಪಿನ್

ಬರುತ್ತದೆ ಸರ್, ಮತ್ತು ಈ ತಪ್ಪಿನ ಪರಿಣಾಮ ದೊಡ್ಡದು. ಆ ಗೆರೆ ನೋಡಿ ಯಾರೋ ಒಬ್ಬರು ಕಷಾಯ ಕುಡಿಯುತ್ತಾರೆ.

ಗೆರೆ ಸಣ್ಣದಾಗಲು ಸಾರ ಹೈಡ್ರಾಕ್ಸಿಲ್‌ಅನ್ನು ಮುಟ್ಟಲೇಬೇಕು ಅಂತಿಲ್ಲ. ಸಾರದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡರೆ ಫೆಂಟನ್ ನಿಲ್ಲುತ್ತದೆ. ಪೆರಾಕ್ಸೈಡ್ ತಿಂದರೂ ನಿಲ್ಲುತ್ತದೆ. ಇವೆರಡಕ್ಕಿಂತ ಸುಲಭವಾಗಿ ಆಗುವುದು ಬೇರೆ: ಹುಟ್ಟಿದ ನೈಟ್ರಾಕ್ಸೈಡನ್ನು ಸಾರದ ವಿಟಮಿನ್ ಸಿ ಹೈಡ್ರಾಕ್ಸಿಲಮೀನ್ ಮಾಡಿಬಿಡುತ್ತದೆ. ಹೈಡ್ರಾಕ್ಸಿಲ್ ಹುಟ್ಟಿತ್ತು, ಸಿಕ್ಕಿಬಿದ್ದಿತ್ತು, ಗುರುತು ಮಾತ್ರ ಅಳಿಸಿ ಹೋಯಿತು. ಕೋಶಗಳಲ್ಲೂ ಇದೇ ಆಗುತ್ತದೆ.

ಮಕ್ಕಳಿಗೆ ಹೀಗೆ ಮಾಡಿಸಿ. ಮೊದಲು ಸಾರ ಇಲ್ಲದೆ ಗೆರೆ ಬರಿಸಿ. ಕ್ಯಾಟಲೇಸ್ ಹಾಕಿ ಉಳಿದ ಪೆರಾಕ್ಸೈಡ್ ಮುಗಿಸಿ. ಆಮೇಲೆ ಸಾರ ಸೇರಿಸಿ ಮತ್ತೆ ನೋಡಿ. ಸಾರ ಸೇರಿಸದ ಕೊಳವೆಗಿಂತ ಬೇಗ ಗೆರೆ ಇಳಿದರೆ ಸಾರ ನೈಟ್ರಾಕ್ಸೈಡನ್ನೇ ತಿನ್ನುತ್ತಿದೆ. ಆಗ ಮೊದಲಿನ ಪ್ರಯೋಗದಿಂದ ಏನೂ ಹೇಳಲಿಕ್ಕಾಗದು. ಅರ್ಧ ಗಂಟೆಯ ಕೆಲಸ ಇದು.

ಇನ್ನೊಂದು ಲೆಕ್ಕವೂ ಮಾಡಿಸಿ. ಹೈಡ್ರಾಕ್ಸಿಲ್ ಎಲ್ಲದರ ಜೊತೆಗೂ ಭಾರೀ ವೇಗದಲ್ಲಿ ಸೇರುತ್ತದೆ. ಡಿಎಂಪಿಒ ಜೊತೆ ಕೂಡ ಸೆಕೆಂಡಿಗೆ ನೂರಾರು ಕೋಟಿ ಲೆಕ್ಕದ ಸ್ಥಿರಾಂಕ. ಕೊಳವೆಯಲ್ಲಿ ಡಿಎಂಪಿಒ ಸಾರದ ಪಾಲಿಫಿನಾಲ್‌ಗಿಂತ ನೂರು ಪಟ್ಟು ಇದ್ದರೆ, ಪಾಲಿಫಿನಾಲ್ ಅದನ್ನು ಮೀರಿ ಹೈಡ್ರಾಕ್ಸಿಲ್ ಕಸಿದುಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ. ಹಾಗಿದ್ದೂ ಗೆರೆ ಅರ್ಧ ಆಯಿತು ಅಂದರೆ ಬೇರೆ ಏನೋ ನಡೆದಿದೆ.

ಹೊಸದುರ್ಗ_ಫೋಟೋ

ನಾನು ಜಿಂಕ್ ಆಕ್ಸೈಡ್ ಫೋಟೋಕ್ಯಾಟಲಿಸ್ಟ್ (ಬೆಳಕು ಬಿದ್ದಾಗ ಕೆಲಸ ಮಾಡುವ ವೇಗವರ್ಧಕ) ಮಾಡುತ್ತೇನೆ. ಸಿಂಗ್ಲೆಟ್ ಆಕ್ಸಿಜನ್‌ಗೆ (ಶಕ್ತಿ ಹೆಚ್ಚಿದ ಆಕ್ಸಿಜನ್) ಟೆಂಪ್ ಅನ್ನುವ ಟ್ರ್ಯಾಪ್ ಹಾಕಿದರೆ 1:1:1 ಮೂರು ಗೆರೆ ಚೆನ್ನಾಗಿ ಬರುತ್ತದೆ. ಇದರಲ್ಲಾದರೂ ಈ ತೊಂದರೆ ಇಲ್ಲ ಅಲ್ವಾ?

ಕುಂಬಳೆ_ಸ್ಪಿನ್

ಇದೆ. ಟೆಂಪ್ ಒಂದು ಅಮೀನ್. ಬೆಳಕು ಬಿದ್ದ ಕ್ಯಾಟಲಿಸ್ಟ್ ಮೇಲಿನ ಹೋಲ್ (ಎಲೆಕ್ಟ್ರಾನ್ ಖಾಲಿಯಾದ ಜಾಗ) ಅದರಿಂದ ಎಲೆಕ್ಟ್ರಾನ್ ಕಿತ್ತರೆ, ಪ್ರೋಟಾನ್ ಹೋಗಿ, ಸಾದಾ ಆಕ್ಸಿಜನ್ ಸೇರಿ ಅದೇ ಮೂರು ಗೆರೆ ಕೊಡುವ ಟೆಂಪೋ ಆಗುತ್ತದೆ. ಸಿಂಗ್ಲೆಟ್ ಆಕ್ಸಿಜನ್ ಬೇಕಾಗಿಯೇ ಇಲ್ಲ. ಬಾಟಲಿಯಲ್ಲೇ ಸ್ವಲ್ಪ ಟೆಂಪೋ ಇರುವುದೂ ಸಾಮಾನ್ಯ. ಕತ್ತಲೆಯ ಸ್ಯಾಂಪಲ್ ಮೊದಲು ನೋಡಿ.

ಭಾರಜಲದಲ್ಲಿ ಮಾಡಿ ನೋಡಿ. ಸಿಂಗ್ಲೆಟ್ ಆಕ್ಸಿಜನ್ ನೀರಿನಲ್ಲಿ 3.5 ಮೈಕ್ರೋಸೆಕೆಂಡ್ ಇದ್ದರೆ ಭಾರಜಲದಲ್ಲಿ 60 ಮೈಕ್ರೋಸೆಕೆಂಡ್ ದಾಟುತ್ತದೆ. ನಿಜ ಆಗಿದ್ದರೆ ಗೆರೆ ಜೋರಾಗಬೇಕು. ಏನೂ ವ್ಯತ್ಯಾಸ ಇಲ್ಲದಿದ್ದರೆ ಸಿಂಗ್ಲೆಟ್ ಅಂತ ಬರೆಯಬೇಡಿ. ಸಿಂಗ್ಲೆಟ್ ನುಂಗುವ ಅಜೈಡ್ ಹಾಕಿ ಕಮ್ಮಿ ಆಯಿತು ಅನ್ನುವುದು ಸಾಕ್ಷಿ ಅಲ್ಲ, ಅಜೈಡ್ ಹೈಡ್ರಾಕ್ಸಿಲ್ ಜೊತೆಗೂ ಸೇರುತ್ತದೆ.

ಮಂಜೇಶ್ವರ_ಬಯೋ

ಪರ್ಸಲ್ಫೇಟ್ ಹಾಕಿ ನೀರು ಶುದ್ಧ ಮಾಡುವ ಕೆಲಸ ಯಾರಾದರೂ ಮಾಡುತ್ತಿದ್ದರೆ ಏಳು ಗೆರೆಯ ಬಗ್ಗೆಯೂ ತಿಳಿದಿರಲಿ. ನೈಟ್ರೋಜನ್‌ಗೆ 7.2, ಎರಡು ಹೈಡ್ರೋಜನ್‌ಗೆ 4.1 ಗಾಸ್. ಅದು ಡಿಎಂಪಿಒಕ್ಸ್. ಡಿಎಂಪಿಒ ತಾನೇ ಅತಿಯಾಗಿ ಆಕ್ಸಿಡೈಸ್ ಆದದ್ದು. ಹೊಸ ರಾಡಿಕಲ್ ಸಿಕ್ಕಿತು ಅಂತ ಅಲ್ಲ. ಸಲ್ಫೇಟ್ ರಾಡಿಕಲ್ ಸಿಕ್ಕಿದ ರೂಪ ಕೂಡ ನೀರಿನಲ್ಲಿ ಬೇಗ ಹೈಡ್ರಾಕ್ಸಿಲ್ ರೂಪಕ್ಕೆ ಬದಲಾಗುತ್ತದೆ.

ಬದಿಯಡ್ಕ_ರಸಾಯನ

ಯಂತ್ರದ ಸೆಟ್ಟಿಂಗ್ ಬಗ್ಗೆ ಕೇಳಬೇಕಿತ್ತು. ಸಿಗ್ನಲ್ ಚೆನ್ನಾಗಿ ಬರಲಿ ಅಂತ ನಮ್ಮಲ್ಲಿ ಮಾಡ್ಯುಲೇಶನ್ (ಅಳೆಯುವಾಗ ಕಾಂತಕ್ಷೇತ್ರವನ್ನು ಅಲುಗಾಡಿಸುವ ಪ್ರಮಾಣ) 3 ಗಾಸ್ ಇಡುತ್ತಾರೆ. ಮತ್ತೆ ಡಿಎಂಪಿಒ ಬಾಟಲಿ ಸ್ವಲ್ಪ ಹಳದಿ ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರೀಜರ್ ನಿಲ್ಲುವುದು ನಿಮಗೂ ಗೊತ್ತಲ್ಲ.

ಕುಂಬಳೆ_ಸ್ಪಿನ್

3 ಗಾಸ್ ಬೇಡ. ಸೂಪರ್‌ಆಕ್ಸೈಡ್ ರೂಪವನ್ನು ಗುರುತಿಸುವುದೇ ಅದರ ಸಣ್ಣ ಸೀಳಿನಿಂದ, 1.25 ಗಾಸ್‌ನದು. 3 ಗಾಸ್ ಇಟ್ಟರೆ ಅದು ಅಳಿಸಿ ಹೋಗುತ್ತದೆ. ಅರ್ಧ ಗಾಸ್ ಇಟ್ಟು ಸ್ಕ್ಯಾನ್ ಜಾಸ್ತಿ ಮಾಡಿ. ಮೈಕ್ರೋವೇವ್ ಪವರ್ ಏರಿಸಿದ ಹಾಗೆ ಗೆರೆಯ ಎತ್ತರ ಪವರ್‌ನ ವರ್ಗಮೂಲದ ಲೆಕ್ಕದಲ್ಲಿ ಏರುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ಕಲಸಿದ ಹೊತ್ತಿನಿಂದ ಸ್ಕ್ಯಾನ್ ಶುರು ಆಗುವವರೆಗಿನ ಸಮಯ ಎಲ್ಲ ಸ್ಯಾಂಪಲ್‌ಗೂ ಒಂದೇ ಇರಬೇಕು.

ಹಳದಿ ಡಿಎಂಪಿಒ ಹಾಗೇ ಬಳಸಬೇಡಿ. ಶುದ್ಧವಾದದ್ದು ಬಣ್ಣ ಇಲ್ಲದ ಹರಳು. 25 ಡಿಗ್ರಿ ದಾಟಿದರೆ ಕರಗಲು ಶುರು, ನಮ್ಮ ಊರಿನಲ್ಲಿ ಮೇಜಿನ ಮೇಲೆ ಇಟ್ಟರೆ ಸಾಕು. ನೀರಿನಲ್ಲಿ ಕರಗಿಸಿ ಆಕ್ಟಿವೇಟೆಡ್ ಇದ್ದಿಲಿನ ಜೊತೆ ಕಲಕಿ, ಸೋಸಿ, ಬರೀ ಬಫರ್‌ನಲ್ಲಿ ಸ್ಕ್ಯಾನ್ ಮಾಡಿ. ಗೆರೆ ಪೂರ್ತಿ ಹೋಗುವವರೆಗೆ ಮತ್ತೆ ಮಾಡಿ. ಆಮೇಲೆ ಸಣ್ಣ ಸಣ್ಣ ಪಾಲು ಮಾಡಿ, ನೈಟ್ರೋಜನ್ ತುಂಬಿ, ಮೈನಸ್ 20ರಲ್ಲಿ ಕತ್ತಲಲ್ಲಿ ಇಡಿ. ಬಫರ್‌ನ್ನೂ ಕೆಲೆಕ್ಸ್ ರೆಸಿನ್ ಮೂಲಕ ಹಾಯಿಸಿ, ಲೋಹ ಹೋಗಲಿ.

ಬದಿಯಡ್ಕ_ರಸಾಯನ

ಸಿಪ್ಪೆ ಸಾರಕ್ಕೆ ಡಿಟಿಪಿಎ ಹಾಕಿ ನೋಡಿದೆ. ನಾಲ್ಕು ಗೆರೆ ಹೆಚ್ಚುಕಮ್ಮಿ ಮಾಯ. ಡಿಟಿಪಿಎ ಇಲ್ಲದೆ ಎಥನಾಲ್ ಹಾಕಿದ್ದರಲ್ಲಿ ಆರು ಗೆರೆ ಕಾಣಲಿಲ್ಲ. ನಾಲ್ಕು ಗೆರೆ ಮಾತ್ರ ಸ್ವಲ್ಪ ವಕ್ರ ಆಗಿದೆ.

ಕುಂಬಳೆ_ಸ್ಪಿನ್

ಹಾಗಾದರೆ ಸಿಪ್ಪೆಯಲ್ಲಿ ಲೋಹ ಬೇಕೇ ಬೇಕು, ಮತ್ತು ನೀರು ಅಂಟುವ ದಾರಿಯದ್ದೇ ದೊಡ್ಡ ಪಾಲು ಅನ್ನುವ ಕಡೆ ವಾಲುತ್ತದೆ. ಆ ಲೋಹ ತಾಮ್ರವೇ ಅಂತ ಇನ್ನೂ ತೋರಿಸಿಲ್ಲ. ಅದೇ ಸಾರವನ್ನು ದ್ರವ ಸಾರಜನಕದಲ್ಲಿ, 77 ಕೆಲ್ವಿನ್‌ನಲ್ಲಿ, ಅಗಲವಾದ ಸ್ವೀಪ್‌ನಲ್ಲಿ ನೋಡಿ. ಕ್ಯುಪ್ರಿಕ್ ತಾಮ್ರ ಇದ್ದರೆ ಕಮ್ಮಿ ಫೀಲ್ಡ್ ಕಡೆ ಅದರದ್ದೇ ಅಗಲ ಗೆರೆಗಳು ಬರುತ್ತವೆ. ಟ್ರ್ಯಾಪ್ ಬೇಕಾಗಿಲ್ಲ. ಒಳಗಿನ ಅಡಿಕೆಗೂ ಇದೇ ಮಾಡಿ. ಅಡಿಕೆಯಲ್ಲಿ ಸಹಜವಾಗಿಯೇ ತಾಮ್ರ ಜಾಸ್ತಿ ಇದೆ. ಬಾಯಿ ತೆರೆಯಲಾಗದ ಕಾಯಿಲೆಗೆ, ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ, ಆ ತಾಮ್ರದ ನಂಟನ್ನು ಸಂಶೋಧಕರು ಮೊದಲಿಂದ ಹೇಳುತ್ತಾ ಬಂದಿದ್ದಾರೆ. ಹಾಗಾಗಿ ಮದ್ದಿನ ತಾಮ್ರ ಯಾವುದು, ಅಡಿಕೆಯದ್ದೇ ಯಾವುದು ಅನ್ನುವುದು ನಿಮ್ಮ ಕೆಲಸಕ್ಕೆ ನಿಜವಾಗಿ ಮುಖ್ಯ. ಮದ್ದು ಬಿಡದ ಅಡಿಕೆ ಸಿಗುತ್ತದಾ?

ಎಣ್ಮಕಜೆ_ತೋಟ

ಸಿಗುತ್ತದೆ. ನಮ್ಮ ಕೆಳಗಿನ ತೋಟದಲ್ಲಿ ಕೆಲವು ಗೊನೆಗೆ ಮದ್ದು ಬಿಡುವುದಿಲ್ಲ, ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವೆ. ಪಕ್ಕದ ಕಂಗಿಗೆ (ಅಡಿಕೆ ಮರಕ್ಕೆ) ಮದ್ದು ಬಿಟ್ಟದ್ದು. ಮಣ್ಣು ಒಂದೇ, ಸುರಂಗದ ನೀರು ಒಂದೇ, ತಳಿ ಒಂದೇ. ಎರಡನ್ನೂ ಬೇರೆ ಬೇರೆ ಒಣಗಿಸಿ ಗುರುತು ಹಾಕಿ ಇಡುತ್ತೇನೆ. ಆದರೆ ಮದ್ದು ಬಿಡುವಾಗ ಗಾಳಿಗೆ ಆಚೆ ಈಚೆ ಹಾರುತ್ತದೆ, ಕೊಟ್ಟೆ ಕಟ್ಟಿದ್ದು ಅದಕ್ಕೆ ಮೊದಲೋ ಆಮೇಲೋ ಅನ್ನುವುದನ್ನೂ ಚೀಟಿಯಲ್ಲಿ ಬರೆಯುತ್ತೇನೆ.

ಬದಿಯಡ್ಕ_ರಸಾಯನ

ಮೊದಲೇ ಕಟ್ಟಿದ್ದು ಬೇಕು ಅಣ್ಣ. ಟೊಪ್ಪಿ ತೆಗೆಯದೆ ಹಾಗೇ ಕೊಡಿ, ಟೊಪ್ಪಿ, ಸಿಪ್ಪೆ, ಅಡಿಕೆ ಮೂರನ್ನೂ ಬೇರೆ ಬೇರೆ ನೋಡುತ್ತೇನೆ. ಬಫರ್ 9ಕ್ಕೆ ಇಡುತ್ತೇನೆ, ಡಿಟಿಪಿಎ ಇದ್ದದ್ದು ಇಲ್ಲದ್ದು, ಎಥನಾಲ್ ಇದ್ದದ್ದು ಇಲ್ಲದ್ದು. ಫಲಿತಾಂಶ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.